ಊರಿಂದೂರಿಗೆ ಕರೆಂಟು ಗಾಡಿ

ಗೋವೆಯ ಝುವಾರಿನಗರವೆಂದರೆ ರಸಗೊಬ್ಬರ ಕಾರ್ಖಾನೆಯ ಸುತ್ತ ಬೆಳೆದ ಊರು. ಸುತ್ತಲಿನವರ ಬಾಯಲ್ಲಿ ಅದು ‘ಬಿರ್ಲಾ’. 1967ರಲ್ಲಿ ಕಂಪನಿ ಹುಟ್ಟಿತು, 1973ರಲ್ಲಿ ಗೊಬ್ಬರ ತಯಾರಿಕೆ ಆರಂಭವಾಯಿತು. ದುಡಿಮೆ ಅರಸಿ ಬಂದ ಉತ್ತರ ಕರ್ನಾಟಕದ ಕುಟುಂಬಗಳು ಇಲ್ಲೇ ನೆಲೆಯೂರಿ, ಇಲ್ಲಿನ ಓಣಿಗಳಲ್ಲಿ ಕನ್ನಡವನ್ನೂ ನೆಲೆಯಾಗಿಸಿದವು. ಸಮೀಪದಲ್ಲೇ ಸಾಂಕವಾಳ ರೈಲು ನಿಲ್ದಾಣವಿದೆ. ಆದರೂ ವಾಸ್ಕೊಗೋ ಮಡಗಾಂವಿಗೋ ಹೊರಟವರು ಮೊದಲು ನೋಡುವುದು ಬಸ್ಸಿನ ದಾರಿಯನ್ನೇ. ದಿನಕ್ಕೆ ಕೆಲವೇ ಸಲ ಬರುವ ಪ್ಯಾಸೆಂಜರ್ ಗಾಡಿಯನ್ನು ನಂಬಿ ಯಾರು ಕೆಲಸಕ್ಕೆ ಹೋದಾರು?

ಇಂಥ ಹತ್ತಿರದ ಊರುಗಳನ್ನು ಪೋಣಿಸಲೆಂದೇ ಒಂದು ಬಗೆಯ ರೈಲು ಹುಟ್ಟಿತ್ತು. ಅದರ ಹೆಸರು ಇಂಟರ್‌ಅರ್ಬನ್. ಪೇಟೆಯೊಳಗೆ ಟ್ರಾಮಿನಂತೆ ಬೀದಿಯಲ್ಲೇ ಸಾಗಿ, ಊರು ದಾಟಿದೊಡನೆ ಬಯಲಲ್ಲಿ ವೇಗ ಹಿಡಿಯುವ ವಿದ್ಯುತ್ ಬೋಗಿ ಅದು. ಎಂಜಿನ್ ಬೇಡ, ಮೋಟಾರು ಬೋಗಿಯ ಕೆಳಗೇ ಇರುತ್ತದೆ. ಹಾಗಾಗಿ ಉದ್ದದ ಗಾಡಿ ತುಂಬುವಷ್ಟು ಜನ ಸೇರಲೆಂದು ಕಾಯಬೇಕಿಲ್ಲ. ಒಂದೋ ಎರಡೋ ಬೋಗಿಯನ್ನು ಪದೇ ಪದೇ ಓಡಿಸಿದರಾಯಿತು. ಅಮೆರಿಕದಲ್ಲಿ 1890ರ ದಶಕದಲ್ಲಿ ಬೆಳೆಯತೊಡಗಿದ ಈ ಜಾಲ 1916ರ ಹೊತ್ತಿಗೆ ಸುಮಾರು 25,000 ಕಿಲೋಮೀಟರ್ ಮುಟ್ಟಿತ್ತು. ಜನರ ಜೊತೆ ಹಾಲಿನ ಕ್ಯಾನು, ಪಾರ್ಸೆಲ್ಲುಗಳೂ ಪ್ರಯಾಣ ಮಾಡುತ್ತಿದ್ದವು. ಆಮೇಲೆ ಕಾರು ಬಂತು, ಸರ್ಕಾರದ ಖರ್ಚಿನಲ್ಲಿ ಡಾಂಬರು ರಸ್ತೆಗಳು ಬಂದವು, ಆರ್ಥಿಕ ಕುಸಿತವೂ ಬಂತು. 1930ರ ದಶಕ ಕಳೆಯುವಷ್ಟರಲ್ಲಿ ಬಹುಪಾಲು ಕಂಪನಿಗಳು ಮುಚ್ಚಿದ್ದವು. ಲಾಸ್ ಏಂಜಲೀಸ್‌ನ ಪೆಸಿಫಿಕ್ ಎಲೆಕ್ಟ್ರಿಕ್‌ನಂಥ ದೊಡ್ಡ ಜಾಲದ ಕೊನೆಯ ಗಾಡಿಯೂ 1961ರಲ್ಲಿ ನಿಂತಿತು.

ಜಪಾನಿನಲ್ಲಾದರೋ ಇದು ಬದುಕಿಕೊಂಡಿತು. ಒಸಾಕಾ ಮತ್ತು ಕೋಬೆ ನಡುವೆ ಹಾನ್‌ಶಿನ್ ಕಂಪನಿ 1905ರಲ್ಲಿ ಹೂಡಿದ ಹಳಿಯಲ್ಲಿ ಇಂದಿಗೂ ಗಾಡಿಗಳು ಓಡುತ್ತಿವೆ. ಅದೇ ಒಸಾಕಾದಿಂದ 1910ರಲ್ಲಿ ಮತ್ತೊಂದು ಮಾರ್ಗ ತೆರೆದ ಕೊಬಾಯಾಶಿ ಇಚಿಜೊ ಹಳಿಯ ಬದಿಯ ಜಮೀನಿನಲ್ಲಿ ಮನೆ ಕಟ್ಟಿಸಿ ಕಂತಿನ ಮೇಲೆ ಮಾರಿದರು. ಮಾರ್ಗದ ಒಂದು ತುದಿಯಲ್ಲಿ ತಕರಾಜುಕಾ ರಂಗತಂಡ ಕಟ್ಟಿದರು, ಇನ್ನೊಂದು ತುದಿಯ ನಿಲ್ದಾಣದಲ್ಲಿ ದೊಡ್ಡ ಅಂಗಡಿ ತೆರೆದರು. ಟಿಕೆಟ್ ಹಣವೊಂದನ್ನೇ ನೆಚ್ಚಿ ಕೂರಲಿಲ್ಲ.

ನಮ್ಮ ಕಡೆ ವಿದ್ಯುತ್ತಿಗೇನೂ ತಡವಾಗಲಿಲ್ಲ. 1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿ ತಲುಪಿತ್ತು. ಮೈಸೂರು ಸೀಮೆಯ ಆ ತಂತಿ ಗಣಿಗೆ ಹೋಯಿತೇ ಹೊರತು ಹಳಿಯ ಮೇಲೆ ಬರಲಿಲ್ಲ. ದೇಶದ ಮೊದಲ ವಿದ್ಯುತ್ ರೈಲು ಓಡಿದ್ದು 1925ರ ಫೆಬ್ರವರಿ 3ರಂದು, ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ.

ಗೋವೆಯ ಹಳಿಯೂ ಸರಕಿಗಾಗಿಯೇ ಹುಟ್ಟಿದ್ದು. 1878ರ ಬ್ರಿಟಿಷ್–ಪೋರ್ಚುಗೀಸ್ ಒಪ್ಪಂದದ ಫಲವಾಗಿ ಮುರಗಾಂವ ಬಂದರಿನಿಂದ ಕ್ಯಾಸಲ್‌ರಾಕ್‌ವರೆಗೆ ಮೀಟರ್ ಗೇಜ್ ಮಾರ್ಗ 1888ರಲ್ಲಿ ಸಿದ್ಧವಾಯಿತು. ಲೋಂಡಾದ ಮೂಲಕ ಹುಬ್ಬಳ್ಳಿ ಸೀಮೆಯ ಹತ್ತಿ ಕಡಲಿಗೆ ಇಳಿಯಬೇಕೆಂಬುದು ಲೆಕ್ಕಾಚಾರ. ದೂಧಸಾಗರದ ಬದಿಯ ಘಾಟಿಯಲ್ಲಿ ಏರು 37ಕ್ಕೆ 1. ಮೂವತ್ತೇಳು ಅಡಿ ಮುಂದೆ ಸಾಗಿದರೆ ಒಂದಡಿ ಮೇಲೇರಿದಂತೆ. ಭಾರದ ಗಾಡಿಗೆ ಹಿಂದಿನಿಂದಲೂ ಎಂಜಿನ್ ಹಚ್ಚಿ ನೂಕಬೇಕು. 1955ರಲ್ಲಿ ಗಡಿ ಮುಚ್ಚಿ ಗಾಡಿಗಳ ಓಡಾಟ ಕಡಿಯಿತು. ಅದು ಮತ್ತೆ ಕೂಡಿದ್ದು ಗೋವಾ ವಿಮೋಚನೆಯ ನಂತರವೇ.

ಜನರಿಗಾಗಿಯೇ ವಿದ್ಯುತ್ ವಾಹನ ತರುವ ಪ್ರಯತ್ನವೂ ಗೋವೆಯಲ್ಲಿ ನಡೆದಿತ್ತು. ಕೊಂಕಣ ರೈಲ್ವೆಯ ಬಿ. ರಾಜಾರಾಮ್ ರೂಪಿಸಿದ ಸ್ಕೈಬಸ್ ರಸ್ತೆಯ ಮೇಲೆತ್ತಿದ ಹಳಿಯಿಂದ ತೂಗುತ್ತ ಸಾಗುವ ಬೋಗಿ. ಮಡಗಾಂವಿನಲ್ಲಿ ಸುಮಾರು 1.6 ಕಿಲೋಮೀಟರ್ ಪರೀಕ್ಷಾ ಮಾರ್ಗ ಎದ್ದಿತು. 2004ರ ಪರೀಕ್ಷೆಯಲ್ಲಿ ಅಪಘಾತವಾಗಿ ಸಿಬ್ಬಂದಿಯೊಬ್ಬರು ಜೀವ ತೆತ್ತರು. ಯೋಜನೆ ಮೇಲೇಳಲಿಲ್ಲ, ಕಂಬಗಳನ್ನೂ ಕಡೆಗೆ ಕಿತ್ತುಹಾಕಿದರು. ಹೊಸತನದ ಬೆನ್ನು ಹತ್ತುವ ಬದಲು ಇದ್ದ ಹಳಿಯ ಮೇಲೆ ಗಾಡಿ ಹೆಚ್ಚಿಸಿದ್ದರೆ ಎಂಬ ಕೊರಗು ನನಗೆ ಇನ್ನೂ ಹೋಗಿಲ್ಲ.

2022ರ ಜೂನ್ 20ರಂದು ಬೆಂಗಳೂರಿನಲ್ಲಿ ನಡೆದ ಒಂದೇ ಸಮಾರಂಭದಲ್ಲಿ ಕೊಂಕಣ ರೈಲು ಮಾರ್ಗದ ವಿದ್ಯುದೀಕರಣ ಲೋಕಾರ್ಪಣೆಯಾಯಿತು, ಬೆಂಗಳೂರು ಉಪನಗರ ರೈಲಿಗೂ ಅಡಿಗಲ್ಲು ಬಿತ್ತು. ಅಂದರೆ ಮಡಗಾಂವಿನ ಹಳಿಯ ಮೇಲೆ ತಂತಿ ಬಂದಾಗಿದೆ. ಅಲ್ಲಿಗೆ ಸೇರುವ ನಿಲ್ದಾಣಗಳ ಸಾಲು ನೋಡಿ. ವಾಸ್ಕೊ, ದಾಬೋಳಿ, ಸಾಂಕವಾಳ, ಕಾನ್ಸಾವಳಿ, ಮಾಜೋರ್ಡಾ, ಮಡಗಾಂವ: ಒಂದು ತುದಿಗೆ ಬಂದರು, ನಡುವೆ ವಿಮಾನ ನಿಲ್ದಾಣ, ಕಾರ್ಖಾನೆ, ಬಿಟ್ಸ್ ಕಾಲೇಜಿನ ಕ್ಯಾಂಪಸ್, ಇನ್ನೊಂದು ತುದಿಗೆ ದೊಡ್ಡ ಪೇಟೆ. ಇಂಟರ್‌ಅರ್ಬನ್ ಕಟ್ಟಿದವರು ಹುಡುಕುತ್ತಿದ್ದುದು ಇಂಥ ಸರಪಳಿಯನ್ನೇ. ಜೋಡಿಹಳಿ ಹಾಕುವುದಕ್ಕೆ ಇಲ್ಲಿನ ಹಳ್ಳಿಗಳು ಗಟ್ಟಿಯಾಗಿ ಬೇಡವೆಂದಿವೆ. ಕಲ್ಲಿದ್ದಲಿನ ಗಾಡಿಗಳು ಹೆಚ್ಚುತ್ತವೆಂಬ ಅವರ ಅಂಜಿಕೆ ನ್ಯಾಯವಾದದ್ದೇ. ನಾನು ಕೇಳುತ್ತಿರುವುದು ಅದಲ್ಲ. ಈಗಿರುವ ಹಳಿಯಲ್ಲೇ ಸರಕಿನ ಗಾಡಿಯನ್ನು ತುಸು ತಡೆದು, ಪಾಳಿ ಬದಲಾಗುವ ಹೊತ್ತಿಗೂ ಕಾಲೇಜಿನ ಹೊತ್ತಿಗೂ ಮೆಮು ಎಂಬ, ಬೋಗಿಯಲ್ಲೇ ಮೋಟಾರಿರುವ ವಿದ್ಯುತ್ ಗಾಡಿಯನ್ನು ನಾಲ್ಕೇ ಬೋಗಿ ಕಟ್ಟಿ ಓಡಿಸಲಿ, ವೇಳಾಪಟ್ಟಿಯನ್ನು ಸಾಂಕವಾಳದಲ್ಲಿ ಕನ್ನಡದಲ್ಲೂ ಬರೆಸಲಿ.