‘ಗಸಗಸೆ ಕಟ್ಟಿಕೊಂಡು ದುಬೈಗೆ ಹೋದರೆ ಜೈಲು’: ಈ ಫಾರ್ವರ್ಡ್ ಎಷ್ಟು ನಿಜ?

ವಿದೇಶಕ್ಕೆ ಹೊರಟವರಿಗೆ ನೆಂಟರಿಷ್ಟರು ಕಳಿಸುವ ಎಚ್ಚರಿಕೆಯ ಸಂದೇಶಗಳಲ್ಲಿ ಇದೂ ಒಂದು: ಗಲ್ಫ್ ದೇಶಗಳಲ್ಲಿ ಗಸಗಸೆ ನಿಷೇಧ, ಬ್ಯಾಗಿನಲ್ಲಿ ಒಂದು ಕಾಳು ಸಿಕ್ಕರೂ ಕನಿಷ್ಠ 20 ವರ್ಷ ಜೈಲು, ಎಲ್ಲರಿಗೂ ತಿಳಿಸಿ. ಓದಿದವರಲ್ಲಿ ಕೆಲವರು ಹೆದರುತ್ತಾರೆ. ಇನ್ನು ಕೆಲವರು ‘ಅಡುಗೆಮನೆ ಗಸಗಸೆಗೂ ಜೈಲಾ?’ ಎಂದು ನಕ್ಕು ಅಳಿಸಿಹಾಕುತ್ತಾರೆ.

ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ನಿಷೇಧ ನಿಜ. ‘ಕನಿಷ್ಠ 20 ವರ್ಷ’ ಎನ್ನುವುದು ಸೇರಿಸಿದ ಮಸಾಲೆ. ಆದರೆ ಆ ಒಂದು ಸುಳ್ಳಿಗಾಗಿ ಇಡೀ ಸಂದೇಶವನ್ನು ತಳ್ಳಿಹಾಕಿದರೆ ನಿಜವಾಗಿಯೂ ತೊಂದರೆಗೆ ಸಿಕ್ಕಿಹಾಕಿಕೊಳ್ಳಬಹುದು.

ಬೀಗರೂಟದ ಮಸಾಲೆ ವಿಮಾನ ಹತ್ತಿದಾಗ

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಲ್ಲಿ ಸಿಗುವ ಕಾಮಗೆರೆಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮಗ ದುಬೈಯಲ್ಲಿ ಕೆಲಸದಲ್ಲಿದ್ದಾನೆ. ರಜೆ ಸಿಗದ ಕಾರಣ ಮದುವೆ ಅಲ್ಲೇ ಎಂದು ತೀರ್ಮಾನವಾಗಿದೆ. ಅಪ್ಪ, ಅವ್ವ, ಚಿಕ್ಕಪ್ಪನ ಸಂಸಾರ ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿಕೊಂಡು ಹೊರಟಿದ್ದಾರೆ. ಮಗನ ಮುಖ ನೋಡಿ ಎರಡು ವರ್ಷವಾಗಿದೆ. ಬರಿಗೈಯಲ್ಲಿ ಹೋಗಲು ಯಾರಿಗೆ ಮನಸ್ಸು ಬರುತ್ತದೆ? ಕೊಳ್ಳೇಗಾಲದ ರೇಷ್ಮೆ ಸೀರೆಯ ಪಕ್ಕದಲ್ಲಿ ಮಾದಪ್ಪನ ಬೆಟ್ಟದ ಲಾಡು, ಒಂದು ಡಬ್ಬಿ ಕಜ್ಜಾಯ, ಬೀಗರೂಟದ ಮಟನ್ ಸಾರಿಗೆ ಮನೆಯಲ್ಲೇ ಹುರಿದು ಪುಡಿ ಮಾಡಿದ ಮಸಾಲೆ, ಪಾಯಸಕ್ಕೆಂದು ಕಾಲು ಕೆಜಿ ಗಸಗಸೆ.

ಕಾಮಗೆರೆಯಿಂದ ಮಳವಳ್ಳಿ, ಕನಕಪುರ ದಾಟಿ ಬೆಂಗಳೂರಿನ ವಿಮಾನ ನಿಲ್ದಾಣದವರೆಗೂ ಈ ಬ್ಯಾಗಿನಲ್ಲಿರುವ ಗಸಗಸೆ ಬರೀ ದಿನಸಿ. ದುಬೈಯಲ್ಲಿ ಇಳಿದ ಕೂಡಲೇ ಅದೇ ಗಸಗಸೆ ನಿಷೇಧಿತ ವಸ್ತು. ನಡುವೆ ವಸ್ತು ಬದಲಾಗಿಲ್ಲ, ಕಾನೂನು ಬದಲಾಗಿದೆ.

ಗಸಗಸೆ ಯಾವ ಗಿಡದ್ದು?

ಗಸಗಸೆ ಅಫೀಮಿನ ಗಿಡದ ಬೀಜ. ಆ ಗಿಡದ ಎಳೆ ಕಾಯಿಗೆ ಗೀರು ಹಾಕಿದರೆ ಹಾಲಿನಂಥ ಸೊನೆ ಒಸರುತ್ತದೆ. ಅದು ಒಣಗಿದರೆ ಅಫೀಮು. ನೋವು ಕಡಿಮೆ ಮಾಡುವ ಮಾರ್ಫೀನ್, ಕೆಲವು ಕೆಮ್ಮಿನ ಸಿರಪ್‌ಗಳಲ್ಲಿ ಇರುವ ಕೊಡೀನ್ ಇರುವುದು ಈ ಸೊನೆಯಲ್ಲೇ.

ಅದೇ ಕಾಯಿ ಬಲಿತು ಒಣಗಿದಾಗ ಒಳಗೆ ಸಿಗುವ ಸಣ್ಣ ಬೀಜವೇ ಗಸಗಸೆ. ಬೀಜದೊಳಗೆ ಸೊನೆ ಇರುವುದಿಲ್ಲ. ಆದರೆ ಕಾಯಿ ಒಡೆದು ಬೀಜ ಬಿಡಿಸುವಾಗ ಸೊನೆಯ ಅಂಶ, ಸಿಪ್ಪೆಯ ಪುಡಿ ಬೀಜದ ಮೈಗೆ ಅಂಟಿಕೊಳ್ಳುತ್ತದೆ. ಹೀಗಾಗಿ ಗಸಗಸೆಯ ಮೇಲೆ ತೀರಾ ಅಲ್ಪ ಪ್ರಮಾಣದ ಮಾರ್ಫೀನ್ ಇರಬಹುದು. ಎಷ್ಟು ಎನ್ನುವುದು ಗಿಡದ ತಳಿ, ಬೆಳೆದ ಜಾಗ, ಬೀಜ ಶುಚಿ ಮಾಡಿದ ಬಗೆಯ ಮೇಲೆ ಹೋಗುತ್ತದೆ. ತೊಳೆದು, ಹುರಿದು, ರುಬ್ಬಿ, ಬೇಯಿಸಿದರೆ ಅದು ಇನ್ನೂ ಇಳಿಯುತ್ತದೆ.

ಲೆಕ್ಕ ನೋಡಿ. ಯುರೋಪಿಯನ್ ಒಕ್ಕೂಟ 2022ರ ಜುಲೈಯಿಂದ ಮಾರಾಟದ ಗಸಗಸೆಗೆ ಒಂದು ಮಿತಿ ಹಾಕಿದೆ: ಒಂದು ಕೆಜಿಯಲ್ಲಿ ಅಫೀಮಿನ ಅಂಶ 20 ಮಿಲಿಗ್ರಾಂ ಮೀರಬಾರದು. ಅಂಥ ಗಸಗಸೆಯ 30 ಗ್ರಾಂನಲ್ಲಿ ಹೆಚ್ಚೆಂದರೆ 0.6 ಮಿಲಿಗ್ರಾಂ ಇರುತ್ತದೆ. 60 ಕೆಜಿ ತೂಕದವರಿಗೆ ಒಂದು ದಿನಕ್ಕೆ ಚಿಂತೆಯಿಲ್ಲ ಎಂದು ಅಲ್ಲಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿದ ಮಟ್ಟವೂ ಅಷ್ಟೇ. ವೈದ್ಯರು ನೋವಿಗೆ ಬರೆದುಕೊಡುವ ಮಾರ್ಫೀನ್ ಮಾತ್ರೆಯಲ್ಲಿ ಸಾಮಾನ್ಯವಾಗಿ 10 ಮಿಲಿಗ್ರಾಂ ಇರುತ್ತದೆ. ಹಾಗಾಗಿ ಹಬ್ಬದ ದಿನ ಒಂದು ಲೋಟ ಗಸಗಸೆ ಪಾಯಸ ಕುಡಿದವರಿಗೆ ಚಟ ಹತ್ತುತ್ತದೆ ಎಂದು ಹೆದರಬೇಕಿಲ್ಲ.

ಒಂದು ಎಚ್ಚರಿಕೆ ಮಾತ್ರ ಇರಲಿ. ನಿದ್ದೆ ಬರಲೆಂದೋ ನೋವಿಗೆಂದೋ ತೊಳೆಯದ ಗಸಗಸೆಯನ್ನು ರಾಶಿಗಟ್ಟಲೆ ನೆನೆಸಿ ಆ ನೀರು ಕುಡಿಯುವುದು ಬೇರೆ ಮಾತು. ಮೈಗಂಟಿದ ಅಂಶವೆಲ್ಲ ನೀರಿಗೆ ಇಳಿಯುತ್ತದೆ. ಅಮೆರಿಕದಲ್ಲಿ ಹೀಗೆ ಕುಡಿದವರು ಸತ್ತಿದ್ದಾರೆ.

ನಮ್ಮ ಅಂಗಡಿಯಲ್ಲಿ ಸಿಗುವುದು ಹೇಗೆ?

ಭಾರತದ ಮಾದಕ ವಸ್ತು ಕಾಯ್ದೆ 1985ರದ್ದು. ಅಫೀಮಿನ ಗಿಡದ ಒಣ ಭಾಗಗಳನ್ನೆಲ್ಲ ನಿಯಂತ್ರಣಕ್ಕೆ ತರುವಾಗ ಈ ಕಾಯ್ದೆ ಬೀಜವನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಗಿಡ ಬೆಳೆಯಲು ಮಾತ್ರ ಕೇಂದ್ರ ಸರ್ಕಾರದ ಪರವಾನಗಿ ಬೇಕು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ಕೆಲವು ಕಡೆ ರೈತರು ಹೀಗೆ ಬೆಳೆಯುತ್ತಾರೆ. ಟರ್ಕಿಯಿಂದಲೂ ಗಸಗಸೆ ಬರುತ್ತದೆ. ಕೊಳ್ಳೇಗಾಲದ ದಿನಸಿ ಅಂಗಡಿಯಲ್ಲಿ ಗಸಗಸೆ ಕೊಳ್ಳುವವರು, ಮಾರುವವರು ಯಾರೂ ತಪ್ಪು ಮಾಡುತ್ತಿಲ್ಲ.

ಎಲ್ಲ ದೇಶಗಳೂ ಬೀಜವನ್ನು ಹೀಗೆ ಬಿಟ್ಟುಕೊಟ್ಟಿಲ್ಲ. ಯುನೈಟೆಡ್ ಅರಬ್ ಎಮಿರೇಟ್ಸ್‌ನಲ್ಲಿ, ಅಂದರೆ ದುಬೈ, ಅಬುಧಾಬಿ, ಶಾರ್ಜಾಗಳಲ್ಲಿ, ಗಸಗಸೆಯನ್ನು ಯಾವ ರೂಪದಲ್ಲೂ ತರುವಂತಿಲ್ಲ. ಸೌದಿ ಅರೇಬಿಯಾದಲ್ಲೂ ನಿಷೇಧವಿದೆ. ಸಿಂಗಪುರದಲ್ಲೂ ನಿರ್ಬಂಧವಿದೆ. ಅರಬ್ಬಿಯಲ್ಲಿ ಇದರ ಹೆಸರು ಖಶ್‌ಖಾಶ್. ‘ಇದು ಮಸಾಲೆ’ ಎಂದು ನೀವು ವಿವರಿಸುವ ಮೊದಲೇ ಅಲ್ಲಿನ ಅಧಿಕಾರಿಗೆ ಅದು ಏನೆಂದು ಗೊತ್ತಿರುತ್ತದೆ.

ಹಾಗಾದರೆ ‘20 ವರ್ಷ’?

ಬ್ರಿಟನ್ನಿನ ಫೇರ್ ಟ್ರಯಲ್ಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ 2008ರಲ್ಲಿ ಒಂದು ಪ್ರಕರಣವನ್ನು ಬೆಳಕಿಗೆ ತಂದಿತು. ಸ್ವಿಟ್ಜರ್ಲೆಂಡಿನ ಒಬ್ಬ ಪ್ರಯಾಣಿಕನ ಬಟ್ಟೆಯ ಮೇಲೆ ದುಬೈ ವಿಮಾನ ನಿಲ್ದಾಣದಲ್ಲಿ ಮೂರು ಗಸಗಸೆ ಕಾಳು ಸಿಕ್ಕಿದ್ದವು. ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ತಿಂದ ಬ್ರೆಡ್ಡಿನಿಂದ ಉದುರಿದ್ದವು ಎಂದು ಹೇಳಲಾಯಿತು. ಆತನಿಗೆ ನಾಲ್ಕು ವರ್ಷ ಜೈಲಾಗಿತ್ತು ಎಂದು ಆಗ ವರದಿಯಾಯಿತು.

ಈ ಪ್ರಕರಣ ಎರಡು ವಿಷಯ ಹೇಳುತ್ತದೆ. ಒಂದು, ಫಾರ್ವರ್ಡ್ ಹೇಳುವ ‘ಕನಿಷ್ಠ 20 ವರ್ಷ’ ಸರಿಯಲ್ಲ. ಶಿಕ್ಷೆ ಪ್ರಕರಣದಿಂದ ಪ್ರಕರಣಕ್ಕೆ ಬೇರೆಯಾಗುತ್ತದೆ. ಎರಡು, ‘ಸ್ವಲ್ಪ ತಾನೇ, ಏನಾಗುತ್ತದೆ’ ಎನ್ನುವುದೂ ಸರಿಯಲ್ಲ. ಎಲ್ಲರಿಗೂ ಜೈಲಾಗುತ್ತದೆ ಎಂದು ನಾವು ಹೇಳುತ್ತಿಲ್ಲ. ಆದರೆ ಮದುವೆಗೆಂದು ಹೋದವರು ನಿಲ್ದಾಣದ ಒಂದು ಕೋಣೆಯಲ್ಲಿ, ಭಾಷೆ ಬಾರದೆ, ಗಂಟೆಗಟ್ಟಲೆ ಕೂರುವುದೂ ಸಣ್ಣ ಶಿಕ್ಷೆಯೇನಲ್ಲ.

ಲಂಡನ್ನಿಗೆ, ಅಮೆರಿಕಕ್ಕೆ ಹೋಗುವವರಿಗೂ ಇದು ಅನ್ವಯಿಸುತ್ತದೆ

‘ನಮ್ಮ ಮಗಳ ಮದುವೆ ಲಂಡನ್ನಿನಲ್ಲಿ, ಅಲ್ಲಿ ಗಸಗಸೆಗೆ ತೊಂದರೆಯಿಲ್ಲ’ ಎನ್ನಬಹುದು. ನಿಜ, ಯುರೋಪು, ಅಮೆರಿಕದಲ್ಲಿ ಬ್ರೆಡ್ಡಿನ ಮೇಲೆ ಉದುರಿಸಿಯೇ ಮಾರುತ್ತಾರೆ. ಆದರೆ ಬೆಂಗಳೂರಿನಿಂದ ಆ ಕಡೆ ಹೋಗುವ ಎಷ್ಟೋ ಟಿಕೆಟ್‌ಗಳು ದುಬೈ, ಅಬುಧಾಬಿ ಮೂಲಕವೇ ಇರುತ್ತವೆ. ಅಲ್ಲಿ ವಿಮಾನ ಬದಲಿಸುವಾಗ ಕೈಚೀಲ ಮತ್ತೆ ತಪಾಸಣೆಗೆ ಹೋಗುತ್ತದೆ. ಮುಂದಿನ ವಿಮಾನ ರದ್ದಾಗಿ ರಾತ್ರಿ ಹೊರಗೆ ಉಳಿಯಬೇಕಾಗಿ ಬಂದರೆ ದೊಡ್ಡ ಬ್ಯಾಗೂ ಕಸ್ಟಮ್ಸ್ ಮುಂದೆ ಬರಬಹುದು. ಆದ್ದರಿಂದ ಬ್ಯಾಗ್ ಕಟ್ಟುವಾಗ ಕೊನೆಗೆ ಇಳಿಯುವ ಊರನ್ನಷ್ಟೇ ನೋಡಬೇಡಿ. ನಡುವೆ ನಿಲ್ಲುವ ಊರನ್ನೂ ನೋಡಿ.

ಗಸಗಸೆ ಎಲ್ಲೆಲ್ಲಿ ಅಡಗಿರುತ್ತದೆ?

ಪೊಟ್ಟಣದಲ್ಲಿರುವ ಗಸಗಸೆಯನ್ನು ತೆಗೆದಿಡುವುದು ಸುಲಭ. ಮರೆತುಹೋಗುವುದು ಬೇರೆ ಪದಾರ್ಥಗಳಲ್ಲಿ ಸೇರಿಕೊಂಡಿರುವುದು:

• ಕಜ್ಜಾಯ: ಮೇಲೆ ಗಸಗಸೆ ಒತ್ತುವ ರೂಢಿ ಅನೇಕ ಮನೆಗಳಲ್ಲಿದೆ.
• ಕರ್ಜಿಕಾಯಿ: ಹೂರಣದಲ್ಲಿ ಕೊಬ್ಬರಿ, ಸಕ್ಕರೆ ಜೊತೆ ಗಸಗಸೆ ಇರುತ್ತದೆ.
• ಅಂಟಿನುಂಡೆ: ಬಾಣಂತಿಗೆಂದು ಒಯ್ಯುವವರು ವಿಶೇಷವಾಗಿ ನೋಡಿಕೊಳ್ಳಿ.
• ಮನೆಯ ಮಟನ್, ಕೋಳಿ ಸಾರಿನ ಪುಡಿ, ಸಾಗು ಮತ್ತು ಕುರ್ಮಾ ಮಸಾಲೆ.
• ಅಂಗಡಿಯ ಮಸಾಲೆ ಪ್ಯಾಕೆಟ್: ಹಿಂಬದಿಯ ಪದಾರ್ಥಗಳ ಪಟ್ಟಿ ಓದಿ.

ಹಳೆಯ ಬ್ಯಾಗ್ ಒಯ್ಯುವುದಾದರೆ ಒಳಗಿನ ಜೇಬುಗಳನ್ನು ಕೊಡವಿ ಒರೆಸಿ. ಹೊರಡುವ ಎರಡು ಮೂರು ದಿನ ಮುಂಚೆಯಿಂದ ಗಸಗಸೆ ಪಾಯಸವನ್ನೂ ಬಿಡುವುದು ಒಳ್ಳೆಯದು. ಗಸಗಸೆ ತಿಂದ ಮೇಲೆ ಒಂದೆರಡು ದಿನ ಮೂತ್ರ ಪರೀಕ್ಷೆಯಲ್ಲಿ ಮಾರ್ಫೀನ್ ಅಂಶ ಕಾಣಿಸಬಹುದು. ಇದೇ ಗೊಂದಲ ತಪ್ಪಿಸಲು ಅಮೆರಿಕ ಸರ್ಕಾರ 1998ರಲ್ಲಿ ತನ್ನ ನೌಕರರ ಪರೀಕ್ಷೆಯ ಮಿತಿಯನ್ನು ಒಂದು ಮಿಲಿಲೀಟರ್‌ಗೆ 300ರಿಂದ 2000 ನ್ಯಾನೊಗ್ರಾಂಗೆ ಏರಿಸಿತು. 2023ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ ಸೈನಿಕರಿಗೆ ಗಸಗಸೆ ತಿನ್ನಬೇಡಿ ಎಂದೇ ಸೂಚಿಸಿತು.

ಬೀಗರೂಟದ ರುಚಿ ಕೆಡುತ್ತದೆ ಎಂದು ಚಿಂತೆಯೇ? ಸಾರು ಮಂದವಾಗಲು ಗಸಗಸೆಯ ಬದಲು ಗೋಡಂಬಿ, ಹುರಿಗಡಲೆ ಅಥವಾ ಬಿಳಿ ಎಳ್ಳು ರುಬ್ಬಿ ಹಾಕಬಹುದು. ಇವು ದುಬೈಯ ಅಂಗಡಿಗಳಲ್ಲೇ ಸಿಗುತ್ತವೆ. ಗಸಗಸೆಯ ಜೋಡಿ ಒಣ ಕೊಬ್ಬರಿಯನ್ನೂ ಇಲ್ಲಿಂದ ಒಯ್ಯಬೇಡಿ. ಎಣ್ಣೆಯಂಶ ಹೆಚ್ಚಿರುವ ಕೊಬ್ಬರಿಯನ್ನು ವಿಮಾನಯಾನದ ನಿಯಮಗಳು ಬೆಂಕಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಸಾಲಿಗೆ ಸೇರಿಸಿವೆ.

ಹೆಸರಿನ ಗೊಂದಲ

ತಣ್ಣನೆಯ ಶರಬತ್ತಿನಲ್ಲಿ ಉಬ್ಬಿ ತೇಲುವ ಕಪ್ಪು ಬೀಜವನ್ನೂ ಕೇರಳದಲ್ಲಿ ‘ಕಸ್‌ಕಸ್’ ಎನ್ನುತ್ತಾರೆ. ಅದು ಕಾಮಕಸ್ತೂರಿ ಬೀಜ, ತುಳಸಿಯ ಜಾತಿಯದು. ‘ಖಸ್’ ಶರಬತ್ತು ಎಂದರೆ ಲಾವಂಚದ ಬೇರಿನದು. ಇವೆರಡಕ್ಕೂ ಅಫೀಮಿನ ಗಿಡಕ್ಕೂ ಸಂಬಂಧವಿಲ್ಲ. ಆದರೂ ಗುರುತಿನ ಚೀಟಿಯಿಲ್ಲದ ಬಿಡಿ ಬೀಜವನ್ನು ಕವರಿನಲ್ಲಿ ಕಟ್ಟಿ ಒಯ್ಯುವುದು ಬೇಡ.

ಮಾತ್ರೆ ಮತ್ತು ಸಿರಪ್

ಹಿರಿಯರ ಔಷಧಿ ಚೀಲವನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ. ಆದರೆ ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆ, ನಿದ್ದೆಗೆ ಕೊಡುವ ಅಲ್‌ಪ್ರಜೋಲಮ್, ಕ್ಲೋನಜೆಪಾಮ್ ಇವೆಲ್ಲ ಎಮಿರೇಟ್ಸ್‌ನಲ್ಲಿ ನಿಯಂತ್ರಿತ ಔಷಧಿಗಳು. ಇವನ್ನು ಒಯ್ಯಲೇಬೇಕಾದವರು ಅಲ್ಲಿನ ಸರ್ಕಾರದ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮೊದಲೇ ಪಡೆಯಬೇಕು. ಮಗನಿಗೋ ಮಗಳಿಗೋ ಹೇಳಿ ಮಾಡಿಸಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಡಬ್ಬಿಗೆ ಸುರಿದುಕೊಳ್ಳದೆ ಹೆಸರು ಕಾಣುವ ಪಟ್ಟಿಯಲ್ಲೇ ಇಟ್ಟುಕೊಳ್ಳಿ. ವೈದ್ಯರ ಚೀಟಿ ಜೊತೆಯಲ್ಲಿರಲಿ. ಹಾಗೆಂದು ಹೆದರಿ ದಿನದ ಮಾತ್ರೆ ಬಿಟ್ಟು ಹೋಗಬೇಡಿ. ಅದು ಇನ್ನೂ ದೊಡ್ಡ ಅಪಾಯ.

ಇನ್ನೊಬ್ಬರ ಪೊಟ್ಟಣ

ಹಳ್ಳಿಯಲ್ಲಿ ಯಾರಾದರೂ ವಿದೇಶಕ್ಕೆ ಹೊರಟರೆ ‘ನಮ್ಮ ಹೈದನೂ ಅಲ್ಲೇ ಅವ್ನೆ, ಇದೊಂದು ಪೊಟ್ಣ ತಕ್ಕೊಂಡೋಗಿ ಕೊಟ್ಬುಡವ್ವ’ ಎಂದು ಕೇಳುವವರು ಇದ್ದೇ ಇರುತ್ತಾರೆ. ಇಲ್ಲ ಎನ್ನುವುದು ಕಷ್ಟ. ಆದರೆ ನಿಮ್ಮ ಬ್ಯಾಗಿನಲ್ಲಿ ಸಿಕ್ಕಿದ್ದಕ್ಕೆ ಉತ್ತರ ಕೊಡಬೇಕಾದವರು ನೀವು.

2019ರಲ್ಲಿ ಮುಂಬೈಯ ದಂಪತಿ ಕತಾರ್‌ಗೆ ಹೋದಾಗ ಹತ್ತಿರದ ಸಂಬಂಧಿಯೊಬ್ಬರು ಅಲ್ಲಿನ ಪರಿಚಯದವರಿಗೆ ಕೊಡಲು ಒಂದು ಪೊಟ್ಟಣ ಕೊಟ್ಟಿದ್ದರು. ತಂಬಾಕು ಎಂದು ನಂಬಿಸಿದ್ದರು. ಅದರಲ್ಲಿದ್ದುದು ನಾಲ್ಕು ಕೆಜಿಗೂ ಹೆಚ್ಚು ಹಶೀಶ್. ಇಬ್ಬರಿಗೂ ಹತ್ತು ವರ್ಷದ ಶಿಕ್ಷೆಯಾಯಿತು. ಹೆಂಡತಿಗೆ ಜೈಲಿನಲ್ಲೇ ಹೆರಿಗೆಯಾಯಿತು. ಇಲ್ಲಿ ಮಾದಕವಸ್ತು ನಿಯಂತ್ರಣ ಬ್ಯೂರೋ ತನಿಖೆ ನಡೆಸಿ ಅವರಿಗೆ ವಿಷಯ ಗೊತ್ತಿರಲಿಲ್ಲ ಎಂದು ಕಂಡುಕೊಂಡಿತು. ಕೊನೆಗೆ 2021ರಲ್ಲಿ ಕತಾರ್ ನ್ಯಾಯಾಲಯ ಬಿಡುಗಡೆ ಮಾಡಿತು. ನಿರಪರಾಧಿಗಳೆಂದು ಸಾಬೀತಾಗುವಷ್ಟರಲ್ಲಿ ಸುಮಾರು ಎರಡು ವರ್ಷ ಕಳೆದಿತ್ತು.

ಪರರ ಪೊಟ್ಟಣ ಬೇಡ ಎನ್ನಿ. ಬಿಡಲಾಗದ ಸಂಬಂಧವಾದರೆ ಅವರೆದುರೇ ಬಿಚ್ಚಿ ನೋಡಿ, ನಿಮ್ಮ ಕೈಯಾರೆ ಮತ್ತೆ ಕಟ್ಟಿ. ಬಿಚ್ಚಲು ಒಪ್ಪದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಮುನಿಸು ನಾಲ್ಕು ದಿನಕ್ಕೆ ಇಳಿಯುತ್ತದೆ.

ಹಂಚುವುದಾದರೆ ಹೀಗೆ ಹಂಚಿ

ಹೆದರಿಸುವ ಸಂದೇಶದ ತೊಂದರೆ ಇದೇ. ಅದರಲ್ಲಿನ ಒಂದು ಸುಳ್ಳು ಗೊತ್ತಾದ ದಿನ ಜನ ಅದರಲ್ಲಿರುವ ನಿಜವನ್ನೂ ನಂಬುವುದು ಬಿಡುತ್ತಾರೆ. ಹಳೆಯ ಫಾರ್ವರ್ಡ್ ಬದಲು ಇದನ್ನು ಕಳಿಸಿ:

“ದುಬೈ, ಅಬುಧಾಬಿ, ಸೌದಿಗೆ ಹೋಗುವವರು, ಅಲ್ಲಿ ವಿಮಾನ ಬದಲಿಸುವವರು ಗಸಗಸೆ ಒಯ್ಯಬೇಡಿ. ಕಜ್ಜಾಯ, ಕರ್ಜಿಕಾಯಿ, ಅಂಟಿನುಂಡೆ, ಮಸಾಲೆ ಪುಡಿಯಲ್ಲೂ ಇದೆಯೇ ನೋಡಿ. ನೋವು, ಕೆಮ್ಮು, ನಿದ್ದೆಯ ಔಷಧಿಗೆ ಮೊದಲೇ ಅನುಮತಿ ಪಡೆಯಿರಿ. ಬಿಚ್ಚಿ ನೋಡದ ಪೊಟ್ಟಣ ಯಾರದ್ದೂ ಬೇಡ. ಮನೆಯಲ್ಲಿ ಗಸಗಸೆ ಪಾಯಸ ಧಾರಾಳವಾಗಿ ಮಾಡಿ, ಅದಕ್ಕೆ ಯಾವ ಅಡ್ಡಿಯೂ ಇಲ್ಲ.”