ಬೀಡಿ ಬಿಟ್ಟರೂ ಬಿಡದ ದಮ್ಮು

ಅರವತ್ತು ದಾಟಿದ ಹಿರಿಯರು ಬೆಳಗ್ಗೆ ಎದ್ದು ಬಹಳ ಹೊತ್ತು ಕೆಮ್ಮಿ ಕಫ ಉಗುಳಿದರೆ 'ವಯಸ್ಸಾಯಿತಲ್ಲ' ಎಂದು ನಾವು ಸುಮ್ಮನಾಗುತ್ತೇವೆ. ಮಸೀದಿಯ ಮೆಟ್ಟಿಲ ನಡುವೆ ನಿಂತು ಏದುಸಿರು ಬಿಟ್ಟರೂ ಅದೇ ಮಾತು. ಬರೀ ವಯಸ್ಸಿಗೆ ಹೀಗೆ ದಮ್ಮು ಹತ್ತುವುದಿಲ್ಲ. ಇದು ಸಿಒಪಿಡಿ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಈ ಕಾಯಿಲೆಯಿಂದ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನ ಮೃತಪಟ್ಟರು.

ವರ್ಷಗಟ್ಟಲೆ ಹೊಗೆ ಕುಡಿದ ಶ್ವಾಸಕೋಶದಲ್ಲಿ ಗಾಳಿಯ ಕೊಳವೆಗಳು ಬಾತುಕೊಂಡು ಕಿರಿದಾಗುತ್ತವೆ, ಗಾಳಿಚೀಲಗಳ ಗೋಡೆ ಹರಿದುಹೋಗುತ್ತದೆ. ರೋಗಿ ಉಸಿರು ಎಳೆಯಲು ಒದ್ದಾಡುವಂತೆ ಕಂಡರೂ ಮುಖ್ಯ ತೊಂದರೆ ಇರುವುದು ಉಸಿರು ಬಿಡುವುದರಲ್ಲಿ. ಹಳೆಯ ಗಾಳಿ ಒಳಗೇ ಉಳಿದರೆ ಹೊಸದಕ್ಕೆ ಜಾಗವೆಲ್ಲಿ? ಬೀಡಿ, ಸಿಗರೇಟು ದೊಡ್ಡ ಕಾರಣ ನಿಜ. ಆದರೆ ಒಮ್ಮೆಯೂ ಬೀಡಿ ಸೇದದ, ಸೌದೆ ಒಲೆಯ ಮುಂದೆ ಆಯುಷ್ಯ ಕಳೆದ ನಮ್ಮ ತಾಯಂದಿರಿಗೂ ಇದು ಬರುತ್ತದೆ. ಅವರನ್ನು ಪರೀಕ್ಷೆಗೆ ಕರೆದೊಯ್ಯುವವರೇ ಕಡಿಮೆ. ಸ್ಪೈರೋಮೀಟರ್ ಎಂಬ ಯಂತ್ರಕ್ಕೆ ಜೋರಾಗಿ ಊದಿದರೆ ಕಾಯಿಲೆ ಗೊತ್ತಾಗುತ್ತದೆ.

ಹಾಳಾದ ಭಾಗ ಮತ್ತೆ ಸರಿಯಾಗದು. ಉಳಿದಿರುವುದನ್ನು ಕಾಪಾಡಬಹುದು, ಅದರಲ್ಲಿ ಮನೆಯವರ ಪಾಲು ದೊಡ್ಡದು. ಬೀಡಿ ಇಂದೇ ನಿಲ್ಲಬೇಕು; ಎಪ್ಪತ್ತರ ವಯಸ್ಸಿನಲ್ಲಿ ಬಿಟ್ಟರೂ ಲಾಭವಿದೆ. ರೋಗಿಯ ಕೋಣೆಯಲ್ಲಿ ಲೋಬಾನ, ಊದುಬತ್ತಿ, ಸೊಳ್ಳೆಬತ್ತಿಯ ಹೊಗೆ ಬೇಡ.

ದಮ್ಮು ಹತ್ತಿದಾಗ ಮಲಗಿಸಬೇಡಿ. ಕುರ್ಚಿಯಲ್ಲಿ ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿ ಮೊಣಕೈಗಳನ್ನು ತೊಡೆಯ ಮೇಲೆ ಊರಲು ಹೇಳಿ. ಮೂಗಿನಿಂದ ಉಸಿರೆಳೆದು, ಬಿಸಿ ಚಹಾ ಆರಿಸುವಂತೆ ತುಟಿ ಕಿರಿದು ಮಾಡಿ, ಎಳೆದದ್ದಕ್ಕಿಂತ ಎರಡು ಪಟ್ಟು ನಿಧಾನವಾಗಿ ಬಿಡಲಿ. ಒಳಗೆ ಸಿಕ್ಕಿಬಿದ್ದ ಗಾಳಿ ಹೊರಬರಲು ಇದರಿಂದ ಅನುಕೂಲ. ಆರಾಮವಾಗಿರುವಾಗಲೇ ಇದನ್ನು ಅಭ್ಯಾಸ ಮಾಡಿಸಿಡಿ.

'ಇನ್‌ಹೇಲರ್ ಹಿಡಿದರೆ ಬಿಡಲಾಗದು, ಚಟವಾಗುತ್ತದೆ' ಎಂಬ ಮಾತು ಸುಳ್ಳು. ಔಷಧಿ ನೇರ ಶ್ವಾಸಕೋಶಕ್ಕೆ ಹೋಗುವುದರಿಂದ ಕಡಿಮೆ ಪ್ರಮಾಣ ಸಾಕಾಗುತ್ತದೆ. ಒತ್ತುವ ಇನ್‌ಹೇಲರ್ ಆದರೆ ಸ್ಪೇಸರ್ ಡಬ್ಬಿ ಜೋಡಿಸಿ ನಿಧಾನವಾಗಿ ಎಳೆದು, ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಸ್ಟಿರಾಯ್ಡ್ ಇರುವುದಾದರೆ ಬಳಿಕ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲವಾದರೆ ಬಾಯಲ್ಲಿ ಬಿಳಿ ಹುಣ್ಣಾಗುತ್ತದೆ. ರಮಝಾನ್ ಬಂದಾಗ ಕೆಲವರು ಯಾರಿಗೂ ಹೇಳದೆ ಔಷಧಿ ನಿಲ್ಲಿಸಿಬಿಡುತ್ತಾರೆ. ಇನ್‌ಹೇಲರ್‌ನಿಂದ ಉಪವಾಸ ಮುರಿಯುವುದೇ ಎಂಬುದರಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ. ಉಸ್ತಾದರನ್ನೂ ವೈದ್ಯರನ್ನೂ ತಿಂಗಳು ಮೊದಲೇ ಕೇಳಿಕೊಳ್ಳಿ. ದಿನಕ್ಕೆರಡು ಬಾರಿಯ ಔಷಧಿಯಾದರೆ ಅದನ್ನು ಸಹರಿ, ಇಫ್ತಾರ್‌ನ ಹೊತ್ತಿಗೆ ಹೊಂದಿಸಲು ಸಾಧ್ಯವೇ ಎಂದು ವೈದ್ಯರು ಹೇಳುತ್ತಾರೆ. ಕಾಯಿಲೆಯವರಿಗೆ ಉಪವಾಸದಲ್ಲಿ ರಿಯಾಯಿತಿ ಇದ್ದೇ ಇದೆ.

ಪ್ರೀತಿಯಿಂದಲೇ ಆಗುವ ತೊಂದರೆಯೂ ಒಂದಿದೆ: 'ನೀವು ಏಳಬೇಡಿ ಅಬ್ಬಾ' ಎಂದು ನೀರಿನ ಲೋಟವನ್ನೂ ಮಂಚಕ್ಕೆ ಒಯ್ಯುವುದು. ಕೂತಷ್ಟೂ ಕಾಲಿನ ಸ್ನಾಯು ಸೊರಗಿ ದಮ್ಮು ಹೆಚ್ಚುತ್ತದೆ. ಅಂಗಳದಲ್ಲಿ ನಿತ್ಯ ಒಂದಷ್ಟು ನಡೆಯಲಿ. ಸ್ಟೂಲಿನಲ್ಲಿ ಕೂತು ವುಝೂ ಮಾಡಲಿ, ಕಷ್ಟವಾದರೆ ನಮಾಝನ್ನೂ ಕೂತು ಮಾಡಲಿ. ಹೊಟ್ಟೆ ಬಿರಿಯುವಂತೆ ತಿಂದರೆ ಉಸಿರಿಗೆ ಜಾಗವಿರದು. ಸ್ವಲ್ಪ ಸ್ವಲ್ಪವಾಗಿ ಐದಾರು ಬಾರಿ ಕೊಡಿ, ಮೊಟ್ಟೆ, ಮೀನು, ಬೇಳೆ ಇರಲಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳ ಬಗ್ಗೆಯೂ ವಿಚಾರಿಸಿ.

ಮನೆಗೆ ಆಮ್ಲಜನಕದ ಯಂತ್ರ ತಂದವರು ಒಂದು ವಿಷಯ ಚೆನ್ನಾಗಿ ತಿಳಿದಿರಬೇಕು. ದಮ್ಮು ಜಾಸ್ತಿಯಾಯಿತೆಂದು ತಿರುಗಣೆಯನ್ನು ನೀವೇ ಏರಿಸಬಾರದು. ಈ ಕಾಯಿಲೆಯ ಕೆಲವರಲ್ಲಿ ಆಮ್ಲಜನಕ ಅತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ 98 ಬರಲೇಬೇಕೆಂದಿಲ್ಲ. ಇಂಥವರಿಗೆ ಸಾಮಾನ್ಯವಾಗಿ 88ರಿಂದ 92ರ ಮಟ್ಟವನ್ನೇ ವೈದ್ಯರು ಗುರಿಯಾಗಿ ಇಡುತ್ತಾರೆ. ಯಂತ್ರದ ಬಳಿ ಬೆಂಕಿಕಡ್ಡಿ ಗೀರುವುದು ಅಪಾಯ.

ಕಫ ಹಸಿರು, ಹಳದಿಗೆ ತಿರುಗಿ ಹೆಚ್ಚಾದರೆ, ಕಾಲು ಊದಿಕೊಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ತುಟಿ ನೀಲಿಯಾದರೆ, ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ಮಾತು ತೊದಲಿ ತೂಕಡಿಸತೊಡಗಿದರೆ 108ಕ್ಕೆ ಕರೆ ಮಾಡಿ. ರಾತ್ರಿಯೆಲ್ಲ ಒದ್ದಾಡಿದವರು ಕೊನೆಗೆ ನಿದ್ದೆ ಹೋದರೆಂದು ನೆಮ್ಮದಿಪಡಬೇಡಿ, ಎಬ್ಬಿಸಿ ನೋಡಿ.