ಸಂಗೀತ ನಾಟಕದೊಳಗಿನ ಕನ್ನಡ ಮಟ್ಟು

ಪಾತ್ರಧಾರಿಗಳೇ ಮಾತಿನ ನಡುವೆ ಹಾಡುತ್ತ ಕಥೆ ನಡೆಸುವ ಮರಾಠಿ ‘ಸಂಗೀತ ನಾಟಕ’ವು ಸಾಂಗಲಿ–ಮಿರಜ ಸೀಮೆಯ ಅಭಿಮಾನದ ಕಲೆ; ಅದರ ತಾಯಿಬೇರುಗಳಲ್ಲಿ ಒಂದು ಕನ್ನಡ ನೆಲದಲ್ಲಿದೆ. ಉತ್ತರ ಕನ್ನಡದ ಕರ್ಕಿಯ ಯಕ್ಷಗಾನ ಮೇಳವು 1842ರಲ್ಲಿ ಸಾಂಗಲಿಯಲ್ಲಿ ಆಡಿದ ಆಟವನ್ನು ಕಂಡು ಅಲ್ಲಿನ ಸಂಸ್ಥಾನಿಕರಾದ ಚಿಂತಾಮಣರಾವ್ ಪಟವರ್ಧನರು ಅಂಥದೇ ಪ್ರಯೋಗ ಮರಾಠಿಯಲ್ಲಿಯೂ ಆಗಬೇಕೆಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದ್ದರಿಂದ, 1843ರ ನವೆಂಬರ್ 5ರಂದು ‘ಸೀತಾ ಸ್ವಯಂವರ’ ರಂಗವೇರಿತು. ಮರಾಠಿಗರು ಇಂದಿಗೂ ಆ ದಿನವನ್ನೇ ರಂಗಭೂಮಿ ದಿನವೆಂದು ಆಚರಿಸುತ್ತಾರೆ.

ಈ ಪ್ರಕಾರಕ್ಕೆ ಪೂರ್ಣ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರು ‘ಶಾಕುಂತಲ’ (1880) ಮತ್ತು ‘ಸೌಭದ್ರ’ (1882) ನಾಟಕಗಳಿಗೆ ಕೀರ್ತನದ ಸಾಕಿ–ದಿಂಡಿ ಎಂಬ ಛಂದಸ್ಸುಗಳು, ಲಾವಣಿ ಮತ್ತು ಹಿಂದುಸ್ತಾನಿ ಚೀಜುಗಳ (ರಾಗಬದ್ಧ ರಚನೆಗಳ) ಜೊತೆಗೆ ಬಾಲ್ಯದಿಂದ ಕಿವಿಗೆ ಬಿದ್ದ ಕನ್ನಡ ಹಾಡುಗಳ ಧಾಟಿಯನ್ನೂ ಬಳಸಿದರು. ಮುದ್ರಿತ ನಾಟಕದಲ್ಲಿ ಪದ್ಯದ ತಲೆಯ ಮೇಲೆ ‘ಚಾಲ’ ಎಂದು, ಅಂದರೆ ನಮ್ಮ ನಾಟಕಕಾರರು ‘ಮಟ್ಟು’ ಎನ್ನುವ ಸ್ಥಳದಲ್ಲಿ, ಮೂಲ ಹಾಡಿನ ಮೊದಲ ಪದಗಳನ್ನು ಕೊಡುವ ರೂಢಿ ಇದ್ದುದರಿಂದ ಈ ಋಣವು ಪುಟದ ಮೇಲೆಯೇ ಉಳಿದುಬಂದಿದೆ.

ಇದೇ ಕಾಲದ ವಿಯೆನ್ನಾದಲ್ಲಿ, ಮಾತು–ಹಾಡು–ಕುಣಿತ ಬೆರೆತ ‘ಆಪೆರೆಟಾ’ ಎಂಬ ಲಘು ಸಂಗೀತ ನಾಟಕವು ನೆರೆಯ ಹಂಗೇರಿಯ ಧಾಟಿಗಳನ್ನು ಹೀಗೆಯೇ ಬರಮಾಡಿಕೊಂಡಿತ್ತು. ಯೋಹಾನ್ ಸ್ಟ್ರಾಸ್‌ನ ‘ಡೀ ಫ್ಲೇಡರ್‌ಮೌಸ್’ (1874) ಕೃತಿಯಲ್ಲಿ ಹಂಗೇರಿಯ ಸಿರಿವಂತೆಯ ವೇಷ ತೊಟ್ಟ ನಾಯಕಿ, ವಿಳಂಬದಲ್ಲಿ ಮೊದಲಾಗಿ ಬಿರುಸಿನ ಲಯಕ್ಕೆ ಏರುವ ‘ಚಾರ್ದಾಷ್’ ಎಂಬ ಕುಣಿತದ ಹಾಡನ್ನು ಹಾಡಿ ತನ್ನ ವೇಷವನ್ನು ನಿಜವೆಂದು ನಂಬಿಸುತ್ತಾಳೆ. ಅಲ್ಲಿ ಧಾಟಿ ಹೊರಗಿನದೆಂದು ಕೇಳುಗನಿಗೆ ತಿಳಿಯಲೇಬೇಕು; ‘ಸೌಭದ್ರ’ದ ನಾಯಕಿ ಸುಭದ್ರೆಯ ಬಾಯಲ್ಲಿಯೋ ಕನ್ನಡದ ಮಟ್ಟು ಮರಾಠಿಯೇ ಆಗಿ ಕೇಳುತ್ತದೆ, ಮತ್ತು ಈ ಬೆರಕೆಯೇ ಹೆಚ್ಚು ಆಳವಾದುದು.

ಮರಾಠಿ ಸಂಗೀತ ನಾಟಕದ ಈ ಪರಂಪರೆಗೆ ಮಿರಜ ಗಾಯಕರನ್ನು ಕೊಟ್ಟಿತು. ಸ್ತ್ರೀಪಾತ್ರಗಳಿಗೆ ಹೆಸರಾದ ಗಾಯಕನಟ ಬಾಲಗಂಧರ್ವರು 1905ರಲ್ಲಿ ಶಕುಂತಲೆಯಾಗಿ ಮೊದಲು ರಂಗಕ್ಕೆ ಬಂದುದು ಇಲ್ಲಿ. ಇಲ್ಲಿ ನೆಲೆಸಿದ್ದ ಹಿಂದುಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಶಿಷ್ಯ, ಕುಂದಗೋಳದ ರಾಮಭಾವು, ಮರಾಠಿ ರಂಗದ ಮೇಲೆ ಸ್ತ್ರೀಪಾತ್ರಗಳಲ್ಲಿ ಹಾಡಿ ‘ಸವಾಯಿ ಗಂಧರ್ವ’ರಾದರು. ಮರಾಠಿ ಕಂಪನಿಗಳು ಹುಬ್ಬಳ್ಳಿ–ಧಾರವಾಡಗಳಲ್ಲಿ ಮೆರೆಯುತ್ತಿದ್ದುದನ್ನು ಕಂಡು ಗದುಗಿನಲ್ಲಿ ಕನ್ನಡ ನಾಟಕ ಮಂಡಳಿಯನ್ನೇ ಕಟ್ಟಿದ ನಾಟಕಕಾರ ಶಾಂತಕವಿಗಳಿಂದ ಈ ಕೊಡುಕೊಳೆಯ ಇನ್ನೊಂದು ಕವಲು ತೆರೆಯಿತು.